ಉಬ್ಬಸದ ಮಾಟೆಯ ಕೆಂಪು ಗೆರೆ

ನಲವತ್ತು ದಾಟಿದ ಮೇಲೆ ನನ್ನನ್ನು ಕಡಲಿಗೆ ಹಾಕಿದರು. ಅಲ್ಲಿಯವರೆಗೆ ರಸ್ತೆ ಅಳೆಯುತ್ತಿದ್ದವನು ನಾನು. 1997ರಲ್ಲಿ ಕಡಲ ದಂಡೆಯ ಸರ್ವೆಗೆಂದು ಕುಂದಾಪುರದಲ್ಲಿ ಒಂದು ಸಣ್ಣ ಕಚೇರಿ ತೆರೆದಾಗ, ಟೇಪು ಹಿಡಿದು ಗೊತ್ತಿರುವ ಜನ ಬೇಕು ಎಂದು ನನ್ನನ್ನೂ ಎತ್ತಿ ಅಲ್ಲಿಟ್ಟರು. ಹೊಸ ಸಾಹೇಬರು ಕೇಳಿದ್ದು ಒಂದೇ ಪ್ರಶ್ನೆ, ಈಜು ಬರುತ್ತದೆಯೇ ಎಂದು. ಬರುತ್ತದೆ ಎಂದೆ. ಸುಳ್ಳೇನಲ್ಲ, ಘಟ್ಟದ ಬುಡದ ಅಮಾಸೆಬೈಲಿನ ಹೊಳೆಗುಂಡಿಯಲ್ಲಿ ಎಮ್ಮೆಗಳ ಜೊತೆ ಈಜಿಯೇ ಬೆಳೆದದ್ದು. ಆದರೆ ಕಡಲು ಎಂದರೆ ನಮ್ಮೂರಿನವರಿಗೆ ಬೆಳಿಗ್ಗೆ ಮೀನು ಹೊತ್ತು ಬರುವ ಸೈಕಲ್ಲಿನ ಹಾರ್ನು, ಅಷ್ಟೆ. ಸಾಹೇಬರು ಅದನ್ನು ಕೇಳಲಿಲ್ಲ, ನಾನು ಹೇಳಲಿಲ್ಲ.

ಮೊನ್ನೆ ಅದೇ ಕೆಲಸಕ್ಕೆ ಹೊಸದಾಗಿ ಸೇರಿದ ನಾಲ್ಕು ಮಂದಿ ಕುಂಭಾಶಿಯ ನನ್ನ ಮನೆಗೆ ಬಂದಿದ್ದರು. ಬೈಂದೂರಿನ ಆಚೆ ಬಂಡೆಗಳ ನಡುವೆ ಇರುವ ಗುಹೆಗಳಿಗೆ ಕಯಾಕ್‌ನಲ್ಲಿ ಹೋಗುವುದು ಹೇಗೆ, ಯಾವ ಹೊತ್ತಿಗೆ ಹೋದರೆ ಅಪಾಯವಿಲ್ಲ ಎಂದು ಕೇಳಿದರು. ಅವರ ಫೋನಿನಲ್ಲಿ ನಾನು ಅಳೆದ ನಕ್ಷೆಯೇ ಇತ್ತು. ಹೊತ್ತು ಹೇಳಿಬಿಡಿ ಸಾರ್, ಬರೆದುಕೊಳ್ಳುತ್ತೇವೆ ಎಂದರು. ನನಗೆ ಸಿಟ್ಟು ಬಂತು. ಚಹಾ ಕುಡಿಸಿ ಕಳಿಸಿದೆ. ಅವರು ಹೋದ ಮೇಲೆ, ಸಿಟ್ಟು ಅವರ ಮೇಲಲ್ಲ, ನನ್ನ ಮೇಲೆಯೇ ಎಂದು ಗೊತ್ತಾಯಿತು. ಅದಕ್ಕೇ ಕುಳಿತು ಇದನ್ನು ಬರೆಯುತ್ತಿದ್ದೇನೆ.

ಬಡ್ತಿ ಎರಡು ಸಲ ಬಂತು, ಅದನ್ನು ಬರೆಯುವುದಿಲ್ಲ. ನಾನು ಎಳೆದ ಒಂದು ಗೆರೆಯಿಂದ ಒಬ್ಬ ಮನುಷ್ಯನ ಜೀವ ಹೋಗುವುದರಲ್ಲಿತ್ತು. ಆ ಗೆರೆ ಯಾವ ನಕ್ಷೆಯಲ್ಲೂ ಇಲ್ಲ, ಯಾವ ವರದಿಯಲ್ಲೂ ಇಲ್ಲ.

ನಮ್ಮ ಕೆಲಸ ಶಿರೂರಿನಿಂದ ಕೋಡಿ ಬೇಂಗ್ರೆಯವರೆಗೆ ದಂಡೆಯನ್ನು ಅಳೆದು, ಕಡಲು ಎಲ್ಲಿ ಎಷ್ಟು ತಿನ್ನುತ್ತಿದೆ ಎಂದು ವರ್ಷ ವರ್ಷವೂ ಬರೆದಿಡುವುದು. ಮರಳಿದ್ದ ಕಡೆ ನಡೆದುಕೊಂಡೇ ಅಳೆಯಬಹುದು. ಬೈಂದೂರಿನ ಉತ್ತರಕ್ಕೆ ಹೋದರೆ ಆ ಆಟ ನಡೆಯುವುದಿಲ್ಲ. ಮೇಲೆ ಕೆಂಪು ಮುರಕಲ್ಲಿನ ಕಡಿದಾದ ಧರೆ, ಕೆಳಗೆ ಕರಿಬಂಡೆ, ಬಂಡೆಯ ಬುಡದಲ್ಲಿ ಕಡಲು ಕೊರೆದ ಗುಹೆಗಳು. ಅಲ್ಲಿಯವರು ಅವನ್ನು ಮಾಟೆ ಎನ್ನುತ್ತಾರೆ. ಮಾಟೆಗಳನ್ನು ಕಾಣಬೇಕಾದರೆ ಕಡಲಿನ ಕಡೆಯಿಂದಲೇ ಬರಬೇಕು. ಅದಕ್ಕೆ ಶೇಷ ಮರಕಾಲ ಎಂಬವನ ಪಾತಿಯನ್ನು, ಎಂದರೆ ಇಬ್ಬರು ಕೂರುವ ಮರದ ಸಣ್ಣ ದೋಣಿಯನ್ನು, ಕಚೇರಿಯವರು ಬಾಡಿಗೆಗೆ ಗೊತ್ತು ಮಾಡಿದ್ದರು.

ಶೇಷಣ್ಣ ನನಗಿಂತ ಎಂಟು ಹತ್ತು ವರ್ಷ ದೊಡ್ಡವನು. ಬಲೆ ಬೀಸುವುದಕ್ಕಿಂತ ಅವನಿಗೆ ಬಂಡೆಯ ಕೆಲಸವೇ ಹೆಚ್ಚು. ಮಳೆಗಾಲ ಕಳೆದ ಮೇಲೆ ಮಾಟೆಗಳ ಒಳಗೆ ಹೋಗಿ, ಕಲ್ಲಿಗೆ ಅಂಟಿಕೊಂಡು ಬೆಳೆಯುವ ಪಚ್ಚಿಲೆ ಚಿಪ್ಪನ್ನು ಉಳಿಯಿಂದ ಕಿತ್ತು ತಂದು ಮಾರುವುದು. ಮೊದಲ ದಿನ ಪಾತಿ ಹತ್ತುವಾಗ ನಾನು ಒಂದು ಕಾಲು ಒಳಗಿಟ್ಟು ಇನ್ನೊಂದನ್ನು ಎತ್ತುವಷ್ಟರಲ್ಲಿ ಟೇಪಿನ ಸಮೇತ ನೀರಿಗೆ ಬಿದ್ದೆ. ಶೇಷಣ್ಣ ನಗಲಿಲ್ಲ. ದಂಡೆಯಲ್ಲಿ ನಿಂತಿದ್ದ ಅವನ ಹೆಂಡತಿ ಗುಲಾಬಕ್ಕ ಇಬ್ಬರ ಪಾಲಿನದ್ದೂ ನಕ್ಕಳು.

ಅವನು ಕಲಿಸಿದ ಮೊದಲ ಪಾಠ ಸುಮ್ಮನೆ ಕೂರುವುದು. ಮಾಟೆಯ ಎದುರು ಪಾತಿ ನಿಲ್ಲಿಸಿ ಅರ್ಧ ಗಂಟೆ ತೆರೆ ಎಣಿಸಬೇಕು. ದೊಡ್ಡ ತೆರೆಗಳು ಒಂಟಿಯಾಗಿ ಬರುವುದಿಲ್ಲ, ಗುಂಪಾಗಿ ಬರುತ್ತವೆ. ಗುಂಪಿನಲ್ಲಿ ಎಷ್ಟು, ಎರಡು ಗುಂಪಿನ ನಡುವೆ ಎಷ್ಟು ಬಿಡುವು ಎನ್ನುವುದು ಅಂದಂದಿನ ಲೆಕ್ಕ. ನಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡು ಮರುದಿನ ಅದರ ಪ್ರಕಾರ ಹೊರಡಲು ನೋಡಿದೆ. ಅವನು ಹುಟ್ಟು ಅಡ್ಡ ಇಟ್ಟ.

"ನಿನ್ನಿ ಲೆಕ್ಕ ಇವತ್ತಿಗೆ ಆತಿಲ್ಲೆ ಶೆಟ್ರೆ. ಇವತ್ತಿಂದ್ ಇವತ್ತೇ ಎಣ್ಸ್ಕ್."

ಎರಡನೆಯ ಪಾಠ, ಮಾಟೆಗೆ ಒಬ್ಬನೇ ಹೋಗಬಾರದು. ಒಳಗೊಬ್ಬ ಇದ್ದರೆ ಮೇಲೊಬ್ಬ ಇರಬೇಕು. ಮೇಲಿನವನು ಗುಹೆಯ ಚಾವಣಿಯಾದ ಬಂಡೆಯ ನೆತ್ತಿಯಲ್ಲಿ ಕುಳಿತು ಕಡಲು ನೋಡುತ್ತಾ ತೆರೆ ಎಣಿಸುತ್ತಿರುತ್ತಾನೆ. ಬಿಡುವು ಬಂದಾಗ ಒಂದು ಗುಂಡುಕಲ್ಲಿನಿಂದ ಬಂಡೆಗೆ ಎರಡು ಸಲ ಕುಟ್ಟುತ್ತಾನೆ. ಒಳಗೆ ಕೂಗು ಕೇಳಿಸುವುದಿಲ್ಲ, ಕುಟ್ಟಿದ್ದು ಕೇಳಿಸುತ್ತದೆ. ಎರಡು ಪೆಟ್ಟು ಬಿದ್ದರೆ ಹೊರಗೆ ಬರಬಹುದು ಎಂದು ಅರ್ಥ. ಶೇಷಣ್ಣನ ಮನೆಯಲ್ಲಿ ಆ ಕಲ್ಲು ಗುಲಾಬಕ್ಕನ ಕೈಯಲ್ಲಿತ್ತು. ಅದಕ್ಕೆ ಮೊದಲು ಅವಳ ಅತ್ತೆಯ ಕೈಯಲ್ಲಿತ್ತಂತೆ. ಗಂಡನ ಜೀವ ಒಳಗೆ, ತನ್ನ ಕಣ್ಣು ಹೊರಗೆ, ಹೀಗೇ ಇಪ್ಪತ್ತು ವರ್ಷ ಎಂದು ಅವಳು ಒಮ್ಮೆ ಹೇಳಿದ್ದಳು.

ನಾವು ಅಳೆದ ಮಾಟೆಗಳಲ್ಲಿ ದೊಡ್ಡದು ಉಬ್ಬಸದ ಮಾಟೆ. ತೆರೆ ಒಳಗೆ ನುಗ್ಗಿದಾಗ ಗಾಳಿ ಒತ್ತಿ, ಮೇಲಿನ ಒಂದು ಬಿರುಕಿನಿಂದ ದಮ್ಮು ಕಟ್ಟಿದವರ ಹಾಗೆ ಸದ್ದು ಮಾಡುತ್ತಾ ಹೊರಬೀಳುತ್ತಿತ್ತು. ಬಾಯಿ ಒಂದು ಲಾರಿ ಹೋಗುವಷ್ಟು ಅಗಲ, ಆದರೆ ತಗ್ಗು. ಒಳಗೆ ಬಲಕ್ಕೆ ತಿರುಗಿ ಮತ್ತಷ್ಟು ಹೋದರೆ ಒಂದು ಕೊಳ, ಕೊಳದ ಬದಿಗೆ ಸೊಂಟದೆತ್ತರದಲ್ಲಿ ಒಂದು ಕಲ್ಲಿನ ಜಗಲಿ. ಪಚ್ಚಿಲೆ ಅಲ್ಲಿ ಕೈಗೆ ಸಿಕ್ಕಿದಷ್ಟು. ನೀರು ಇಳಿದಾಗ ಪಾತಿಯಲ್ಲಿ ತಲೆ ತಗ್ಗಿಸಿ ಹೋಗಬಹುದು, ಏರಿದರೆ ಬಾಯಿಯೇ ಮುಚ್ಚಿಬಿಡುತ್ತದೆ.

ಮೊದಲ ಸಾಹೇಬರ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಅವರ ಕೈಯಲ್ಲಿ ಸದಾ ಉಬ್ಬರ ಇಳಿತದ ಪಟ್ಟಿ ಇರುತ್ತಿತ್ತು. ಕಡಲಿಗಿಂತ ಪಟ್ಟಿಯ ಮೇಲೆ ಅವರಿಗೆ ನಂಬಿಕೆ. ಒಂದು ದಿನ ಶೇಷಣ್ಣ ಇವತ್ತು ಬೇಡ, ಗಾಳಿ ಸರಿ ಇಲ್ಲ ಎಂದ. ಸಾಹೇಬರು ಜೀಪಿನಲ್ಲಿ ಕುಳಿತೇ ಪಟ್ಟಿ ತೆರೆದು, ಈಗಲೇ ಇಳಿತ, ಈಗಲೇ ಹೋಗಬೇಕು ಎಂದರು. ನಾನು ಸರಕಾರದ ಸಂಬಳದವನು, ಹೋದೆ. ಶೇಷಣ್ಣ ನನ್ನನ್ನು ಒಬ್ಬನೇ ಬಿಡಲಾರದೆ ಬಂದ. ಮಾಟೆಯ ಬಾಯಿಯಲ್ಲಿ ತೆರೆಯೊಂದು ಪಾತಿಯನ್ನು ಅಡ್ಡ ತಿರುಗಿಸಿ ಮಗುಚಿತು. ನಾವಿಬ್ಬರೂ ಮೊಣಕಾಲು ತರಚಿಕೊಂಡು ಬಂಡೆ ಹತ್ತಿದೆವು. ದಿಕ್ಸೂಚಿಯ ಪೆಟ್ಟಿಗೆ ಕಡಲ ಪಾಲಾಯಿತು. ಆಮೇಲೆ ನೋಡಿದರೆ ಆ ಪಟ್ಟಿ ಎಲ್ಲಿಯದೋ ದೂರದ ಬಂದರಿನದು. ವರದಿಯಲ್ಲಿ ಬರೆದದ್ದು ಸಿಬ್ಬಂದಿಯ ಅಜಾಗರೂಕತೆ ಎಂದು. ಆ ದಿನ ಆ ಪಟ್ಟಿಯನ್ನು ನಾನು ಬೈದ ಬೈಗುಳಕ್ಕೆ ಲೆಕ್ಕವಿಲ್ಲ. ಬರೆದಿಟ್ಟದ್ದನ್ನು ನಂಬಿ ಕಡಲಿಗೆ ಇಳಿಯುವವನು ಮೂರ್ಖ ಎಂದು ಜೀಪಿನ ಡ್ರೈವರ್ ಸಂಜೀವನಿಗೆ ಕುಂದಾಪುರದವರೆಗೂ ಭಾಷಣ ಮಾಡಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ, ಬೆನ್ನಿನ ಹುಣ್ಣಿಗೆ ಬೇಕಾಗುತ್ತದೆ.

ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಸಾಹೇಬರು ಹೋಗಿ ಇನ್ನಿಬ್ಬರು ಬಂದು ಹೋಗಿ, ಕಾವೇರಿ ಮೇಡಂ ಬಂದರು. ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವರು, ದಾಂಡೇಲಿಯ ಹೊಳೆಯಲ್ಲಿ ಕಯಾಕ್ ಕಲಿತವರು. ಜೀಪಿನ ತಲೆಯ ಮೇಲೆ ಹಳದಿ ಬಣ್ಣದ ಪ್ಲಾಸ್ಟಿಕ್ಕಿನ ಕಯಾಕೊಂದನ್ನು ಕಟ್ಟಿಸಿಕೊಂಡೇ ಬಂದರು. ಸಂಜೀವ ಅದಕ್ಕೆ ಆನೆಗುಡ್ಡೆಯಲ್ಲಿ ಪೂಜೆ ಮಾಡಿಸಿ ಮೂತಿಗೆ ಕುಂಕುಮ ಹಚ್ಚಿದ. ಶೇಷಣ್ಣ ಅದರ ಸುತ್ತ ಒಂದು ಸುತ್ತು ಬಂದು, ಇದು ದೋಣಿಯೋ ಮಕ್ಕಳನ್ನು ಮೀಯಿಸುವ ಬಾನಿಯೋ ಎಂದು ಕೇಳಿದ.

ಬಾನಿಯೇ ಇರಲಿ, ನನ್ನ ಕೆಲಸದ ಕ್ರಮವನ್ನೇ ಅದು ಬದಲಿಸಿತು. ಪಾತಿಯಲ್ಲಿ ಇಬ್ಬರು ಬೇಕು, ಇದರಲ್ಲಿ ಒಬ್ಬನೇ ಸಾಕು. ಮಗುಚಿದರೂ ಮುಳುಗುವುದಿಲ್ಲ, ಮತ್ತೆ ಹತ್ತಿ ಕೂರಬಹುದು. ಎರಡು ಕಡೆಯೂ ಅಲಗಿರುವ ಹುಟ್ಟು, ಬಂಡೆಯ ಸಂದಿಯಲ್ಲಿ ಹಿಂದಕ್ಕೂ ಮುಂದಕ್ಕೂ ಒಂದೇ ಸಮ ಹೋಗುತ್ತದೆ. ಹಗ್ಗಕ್ಕೆ ಗುಂಡು ಕಟ್ಟಿ ಆಳ ನೋಡುತ್ತಿದ್ದ ನಮಗೆ ಅಂಗೈಯಗಲದ ಯಂತ್ರ ಬಂತು, ಎಲ್ಲಿ ನಿಂತಿದ್ದೇವೆ ಎಂದು ಉಪಗ್ರಹ ಹೇಳುವ ಇನ್ನೊಂದು ಬಂತು. ಐವತ್ತು ದಾಟಿದ ನಾನು ಮೇಡಂ ಕೈಯಲ್ಲಿ ಹತ್ತು ದಿನ ಬೈಸಿಕೊಂಡು ಕಯಾಕ್ ಕಲಿತೆ. ಕಲಿತ ಮೇಲೆ ನನಗೆ ಕೊಂಬು ಬಂತು.

ಮಾಟೆಗಳ ಬಾಯಿಯಲ್ಲಿ ಗೆರೆ ಎಳೆಯುವುದು ನನ್ನದೇ ಯೋಚನೆ. ಒಂದು ಬೇಸಿಗೆಯಿಡೀ ಉಬ್ಬಸದ ಮಾಟೆಯ ಒಳಗೆ ಹೊರಗೆ ನೀರಿನ ಮಟ್ಟ ಅಳೆದೆ. ಹೊರಗೆ ನೀರು ಇಷ್ಟು ಇದ್ದರೆ ಒಳಗೆ ಇಷ್ಟು, ಚಾವಣಿಗೂ ನೀರಿಗೂ ನಡುವೆ ಇಷ್ಟು ಜಾಗ ಎಂದು ಕೂಡಿಸಿ ಕಳೆದು, ಬಾಯಿಯ ಬಲಗಡೆಯ ಬಂಡೆಗೆ ಅಂಗೈಯಗಲದ ಕೆಂಪು ಬಣ್ಣದ ಗೆರೆ ಹೊಡೆದೆ. ನೀರು ಗೆರೆಯ ಕೆಳಗಿದ್ದರೆ ಒಳಗೆ ಹೋಗಬಹುದು, ಗೆರೆ ಮುಟ್ಟಿದರೆ ಹೋಗಬಾರದು. ಇಷ್ಟು ಸುಲಭ. ಮೇಡಂ ಮೆಚ್ಚಿದರು, ಪ್ರತಿ ಮಳೆಗಾಲ ಕಳೆದ ಮೇಲೆ ಮರು ಅಳತೆ ಮಾಡಬೇಕು ಎಂದು ಸೇರಿಸಿದರು. ಅದನ್ನು ರಿಜಿಸ್ಟರಿನಲ್ಲಿ ಬರೆದದ್ದೂ ನಾನೇ, ಇದೇ ಕೈ.

ಶೇಷಣ್ಣ ಗೆರೆಯನ್ನು ಸುಮಾರು ಹೊತ್ತು ನೋಡಿದ. ಕಲ್ಲಿಗೆ ಎಂತ ಗೊತ್ತು ಎಂದ. ಆದರೂ ಒಂದು ತಿಂಗಳು ಪರೀಕ್ಷೆ ಮಾಡಿದ. ಗುಲಾಬಕ್ಕ ಎರಡು ಕುಟ್ಟಿದಾಗಲೆಲ್ಲ ನೀರು ಗೆರೆಯ ಕೆಳಗೇ ಇತ್ತು. ಒಂದು ದಿನವೂ ಗೆರೆ ತಪ್ಪಲಿಲ್ಲ. ಕೊನೆಗೆ ಅವನು ನನ್ನ ಬೆನ್ನು ತಟ್ಟಿ, ಘಟ್ಟದ ಬುಡದವರಾದರೂ ಅಡ್ಡಿಲ್ಲ, ಕಡಲು ಕಲಿತಿರಿ ಎಂದ. ನನ್ನ ಸರ್ವಿಸಿನಲ್ಲಿ ನನಗೆ ಸಿಕ್ಕ ದೊಡ್ಡ ಸರ್ಟಿಫಿಕೇಟು ಅದೇ. ಆ ದಿನ ಎದೆಯುಬ್ಬಿಸಿಕೊಂಡು ಮನೆಗೆ ಹೋಗಿದ್ದೆ.

ಮುಂದಿನ ಮಳೆಗಾಲ ಜೋರಾಗಿ ಹೋಯಿತು. ಕಡಲು ಇಳಿದ ಮೇಲೆ ಮೊದಲು ಉತ್ತರಕ್ಕೆ ಹೋಗಿ ಗೆರೆಯ ಮರು ಅಳತೆ ಮಾಡಬೇಕಿತ್ತು. ವರದಿ ಅಚ್ಚಿಗೆ ಹೋಗುವ ಗಡಿಬಿಡಿ, ಬ್ರಹ್ಮಾವರದ ಕಡೆಯ ಅಳತೆ ಬಾಕಿ ಇತ್ತು. ಮೇಡಂ ಕೇಳಿದಾಗ, ಗೆರೆ ಎಲ್ಲಿ ಓಡಿಹೋಗುತ್ತದೆ, ಮೊದಲು ಹಂಗಾರಕಟ್ಟೆ ಮುಗಿಸೋಣ ಎಂದೆ. ನನ್ನ ಮಾತು ಕೇಳಿ ಅವರು ಒಪ್ಪಿದರು. ಹಂಗಾರಕಟ್ಟೆಯ ಅಳಿವೆಯಲ್ಲಿ ನೀರು ಇಳಿಯುವ ಹೊತ್ತು ತಪ್ಪಿ ಕಯಾಕ್ ಕೆಸರಿನ ಮೇಲೆ ಕೂತಿತು. ಕೆಸರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ಹೆಂಗಸರು ಸೊಂಟಕ್ಕೆ ಕೈಯಿಟ್ಟು ನಿಂತು, ಹ್ವಾಯ್, ಅಲ್ಲೇ ಮನೆ ಕಟ್ಟುತ್ತೀರಾ ಎಂದು ಕೇಳಿದರು. ನಗು ಬಂತು. ಮೂರು ದಿನ ಅಲ್ಲಿ ಕೆಸರು ತುಳಿದೆವು. ಆ ಮೂರು ದಿನದಲ್ಲಿ ಒಂದು ದಿನವನ್ನು ಬೈಂದೂರಿಗೆ ಕೊಟ್ಟಿದ್ದರೆ ಈ ಬರಹವೇ ಬೇಕಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಉತ್ತರಕ್ಕೆ ಹೊರಟೆವು. ಹತ್ತೂವರೆಯ ಹೊತ್ತಿಗೆ ಜೀಪು ಧರೆಯ ಮೇಲೆ ನಿಂತಿತು. ಕಯಾಕಿನ ಹಗ್ಗ ಬಿಚ್ಚುತ್ತಿದ್ದಾಗ ಗುಲಾಬಕ್ಕ ಕೆಳಗಿನಿಂದ ಓಡಿ ಬರುವುದು ಕಾಣಿಸಿತು. ಕೈಯಲ್ಲಿ ಗಂಜಿಯ ಬುತ್ತಿ ಇತ್ತು. ಅದನ್ನು ಎಲ್ಲಿಯಾದರೂ ಇಡಬಹುದು ಎಂದೂ ಅವಳಿಗೆ ಹೊಳೆದಿರಲಿಲ್ಲ.

ಶೇಷಣ್ಣ ಎಂಟಕ್ಕೇ ಮಾಟೆಗೆ ಹೋದವನು ಬಂದಿಲ್ಲ ಎಂದಳು. ಮಳೆಗಾಲದ ನಂತರ ಅವನು ಒಳಗೆ ಹೋದದ್ದು ಅದೇ ಮೊದಲ ದಿನ. ನೀನು ಬಂಡೆಯ ಮೇಲೆ ಇರಲಿಲ್ಲವೇ ಎಂದು ಕೇಳಿದೆ.

"ಇವತ್ತ್ ನೀ ಬಪ್ಪುದ್ ಬ್ಯಾಡ ಅಂದ್ರ್. ಶೆಟ್ರ್ ಗೆರಿ ಇತ್ತಲೆ, ಇನ್ನ್ ಮೇಲ್ ಕೂಕಂಬುದೆಂತಕೆ ಅಂದ್ರ್."

ಮೇಡಂ ನನ್ನನ್ನು ಜಗ್ಗಿಕೊಂಡೇ ಕೆಳಗಿಳಿದರು.

ಬಂಡೆಯ ತುದಿಯಿಂದ ನೋಡಿದಾಗ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ನೀರು ಅದಕ್ಕಿಂತ ಒಂದು ಮೊಳ ಕೆಳಗಿತ್ತು. ನನ್ನ ಗೆರೆಯ ಪ್ರಕಾರ ಯಾವ ಅಪಾಯವೂ ಇಲ್ಲ. ಆದರೆ ಮಾಟೆಯ ಬಾಯಿಯಲ್ಲಿ ಹಿಂದೆಂದೂ ಇಲ್ಲದ ಬಿಳಿ ನೊರೆ ಏಳುತ್ತಿತ್ತು. ಆ ಮಳೆಗಾಲದಲ್ಲಿ ಧರೆ ಕುಸಿದು ಬಿದ್ದ ಕಲ್ಲುಗಳು ಉರುಳಿ ಬಂದು ಬಾಯಿಯ ತಳದಲ್ಲಿ ಹೊಸ್ತಿಲು ಕಟ್ಟಿದ್ದವು. ತೆರೆ ಹೊಸ್ತಿಲು ದಾಟಿ ಒಳಗೆ ಬೀಳುತ್ತಿತ್ತು, ಬಿದ್ದ ನೀರಿಗೆ ಹೊರಗೆ ಬರಲು ದಾರಿ ಸಾಲುತ್ತಿರಲಿಲ್ಲ. ಹೊರಗೆ ಗೆರೆಯ ಕೆಳಗೆ ಇದ್ದ ನೀರು ಒಳಗೆ ಗೆರೆಯ ಮೇಲೆ ಹೋಗಿತ್ತು. ಉಬ್ಬಸದ ಸದ್ದು ಕೂಡ ಬದಲಾಗಿತ್ತು, ಕಫ ಕಟ್ಟಿದ ಎದೆಯ ಹಾಗೆ. ಅದರ ಮೇಲೆ ಇಳಿತ ಮುಗಿದು ನೀರು ಏರಲು ಸುರುವಾಗಿತ್ತು. ಹೆಚ್ಚೆಂದರೆ ಒಂದು ಗಂಟೆ, ಆಮೇಲೆ ಬಾಯಿ ಮುಚ್ಚುತ್ತದೆ.

ಮೇಡಂ ಲೈಫ್ ಜಾಕೆಟ್ ಹಾಕಿಕೊಳ್ಳುತ್ತಾ ನಾನು ಹೋಗುತ್ತೇನೆ ಎಂದರು. ಕಯಾಕ್ ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು, ಅದು ಸರಿಯೇ. ಆದರೆ ಅವರು ಆ ತಿರುವಿನ ಒಳಗೆ ಹೋದವರಲ್ಲ.

"ಒಳಗಿನ ಕಲ್ಲು ನನಗೆ ಗೊತ್ತು ಮೇಡಂ," ಎಂದೆ. "ಗೆರೆಯೂ ನನ್ನದೇ."

ಅವರು ನನ್ನ ಮುಖ ನೋಡಿ ಜಾಕೆಟ್ ಬಿಚ್ಚಿ ಕೊಟ್ಟರು. ಕಯಾಕಿನ ಹಿಂದಿನ ತುದಿಗೆ ಉದ್ದದ ಹಗ್ಗ ಕಟ್ಟಿ, ಬಾಯಿಯ ಪಕ್ಕದ ಬಂಡೆಯಲ್ಲಿ ಸಂಜೀವನೂ ಅವರೂ ಹಿಡಿದು ನಿಂತರು. ಗುಲಾಬಕ್ಕ ಬುತ್ತಿ ಕೆಳಗಿಟ್ಟು, ಒಂದು ಗುಂಡುಕಲ್ಲು ಹೆಕ್ಕಿಕೊಂಡು ನೆತ್ತಿಗೆ ಹತ್ತಿದಳು. ಮೊದಲು ಅವಳು ಎಣಿಸಲಿ ಎಂದು ನಾನು ಕಾದೆ. ಜೀವ ಬಾಯಿಗೆ ಬಂದಿರುವಾಗ ಸುಮ್ಮನೆ ಕೂರುವುದು ಎಷ್ಟು ಕಷ್ಟ ಎಂದು ಆ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಅವಳು ಕಡಲಿನಿಂದ ಕಣ್ಣು ತೆಗೆಯಲಿಲ್ಲ. ಒಳಗೆ ಯಾರಿದ್ದಾರೆ ಎಂದು ಮರೆತವಳಂತೆ ಎಣಿಸಿದಳು. ಐದು ದೊಡ್ಡ ತೆರೆ, ಆಮೇಲೆ ಬಿಡುವು. ಮತ್ತೆ ಐದು. ಮೂರನೆಯ ಸಲ ಐದು ಮುಗಿದ ಕೂಡಲೇ ಕೈ ಬೀಸಿದಳು.

ಹೊಸ್ತಿಲಿನ ಕಲ್ಲು ಕಯಾಕಿನ ತಳಕ್ಕೆ ಗೀರಿತು. ಬೆನ್ನನ್ನು ಹಿಂದಕ್ಕೆ ಪೂರಾ ಮಲಗಿಸಿ ಚಾವಣಿಗೆ ಕೈ ಕೊಟ್ಟು ತಳ್ಳಿಕೊಂಡೆ. ತಿರುವು ದಾಟಿದರೆ ಕತ್ತಲೆ. ತಲೆಗೆ ಕಟ್ಟಿದ್ದ ಟಾರ್ಚಿನ ಬೆಳಕಿನಲ್ಲಿ ಮೊದಲು ಕಂಡದ್ದು ಪಾತಿ. ಅದು ಕೊಳದ ಗೋಡೆಗೆ ಬಡಿದು ಎರಡು ಸೀಳಾಗಿತ್ತು. ಆ ಬದಿಯ ಜಗಲಿಯ ಮೇಲೆ ಶೇಷಣ್ಣ ನಿಂತಿದ್ದ. ಹಿಂದೆ ಸೊಂಟದೆತ್ತರಕ್ಕೆ ಒಣಗಿ ಇರುತ್ತಿದ್ದ ಜಗಲಿ ಅದು, ಈಗ ಅಲ್ಲಿ ನಿಂತವನ ಎದೆಯವರೆಗೆ ನೀರು. ಎಡಗೈ ಮೊಣಕೈಯ ಕೆಳಗೆ ಆಗಬಾರದ ಕಡೆಗೆ ಬಾಗಿತ್ತು. ಬಲಗೈಯಲ್ಲಿ ಪಚ್ಚಿಲೆ ಕೀಳುವ ಉಳಿಯನ್ನು ಬಂಡೆಯ ಸಂದಿಗೆ ಹೊಡೆದು ಅದಕ್ಕೇ ಜೋತುಬಿದ್ದಿದ್ದ.

ನನ್ನನ್ನು ಕಂಡು ಅವನು ಬಯ್ಯಲಿಲ್ಲ. ಮೇಲೆ ಗುಲಾಬಿ ಇದ್ದಾಳಾ ಎಂದು ಮಾತ್ರ ಕೇಳಿದ. ಇದ್ದಾಳೆ, ಬಿಡುವು ಬಂದಾಗ ಎರಡು ಕುಟ್ಟುತ್ತಾಳೆ ಎಂದೆ. ಅವನ ಮುಖಕ್ಕೆ ಸ್ವಲ್ಪ ಜೀವ ಬಂತು. ಅಷ್ಟರಲ್ಲಿ ತೆರೆಗಳ ಮುಂದಿನ ಗುಂಪು ಒಳಗೆ ಬಂತು. ನೀರು ಏರಿ ಕಯಾಕ್ ಚಾವಣಿಗೆ ಬಡಿಯಿತು, ನಾನು ಕೆಳಗೆ ಬಿದ್ದು ಅದರ ಬದಿಯನ್ನು ಹಿಡಿದುಕೊಂಡೆ. ಅಮಾಸೆಬೈಲಿನ ಹೊಳೆಯಲ್ಲಿ ಹೀಗೆ ಆಗುವುದಿಲ್ಲ. ನೀರು ಇಳಿದಾಗ ಅವನನ್ನು ಎಳೆದು ಕಯಾಕಿನ ಮೇಲೆ ಬೋರಲು ಮಲಗಿಸಿದೆ. ಕೈ ಕಲ್ಲಿಗೆ ತಾಗಿದಾಗ ಅವನು ಮಾಡಿದ ಸದ್ದು ಈಗಲೂ ಕೆಲವು ಸಲ ನನ್ನ ಕಿವಿಯಲ್ಲಿ ಬರುತ್ತದೆ. ನಾನು ಹಿಂದಿನಿಂದ ತಳ್ಳಲು ನೀರಿನಲ್ಲೇ ಉಳಿದೆ.

ಆಗ ಮೇಲಿನಿಂದ ಕುಟ್ಟಿದ್ದು ಕೇಳಿಸಿತು. ಟಕ್, ಟಕ್. ನಾನು ಕಾಲು ಬಡಿದು ಕಯಾಕನ್ನು ತಿರುವಿನ ಕಡೆಗೆ ತಳ್ಳಿದೆ. ಶೇಷಣ್ಣನ ಬಲಗೈ ನನ್ನ ಭುಜವನ್ನು ಹಿಡಿದು ಒತ್ತಿತು.

"ತಡಿನಿ. ಅದ್ ಗುಲಾಬಿ ಕುಟ್ಟಿದ್ದಲ್ಲ."

"ಎರಡು ಕೇಳಿಸಿತಲ್ಲ ಶೇಷಣ್ಣ."

"ಅದ್ ಹೊಸ್ತಿಲ್ ಕಲ್ಲ್ ಉರ್‍ಳ್ದದ್ದ್. ಮೇಲಿಂದ್ ಬಪ್ಪುದ್ ಬೇರೆ."

ಹೊರಗೆ ಹೋಗಬೇಕೆಂದು ನನ್ನ ಮೈಯ ಕಣಕಣವೂ ಕೂಗುತ್ತಿತ್ತು. ಕಾಲಿಗೆ ತಳ ಸಿಗುತ್ತಿರಲಿಲ್ಲ. ಆದರೂ ತಡೆದುಕೊಂಡೆ, ಯಾಕೆಂದರೆ ಅವನು ಅಷ್ಟೆಲ್ಲ ವರ್ಷ ಅದೇ ಪೆಟ್ಟನ್ನು ಕೇಳಿದವನು. ಮರುಕ್ಷಣ ತಿರುವಿನಾಚೆ ಒಂದು ತೆರೆ ಇಡೀ ಬಾಯಿಯನ್ನು ತುಂಬಿಕೊಂಡು ಒಡೆಯಿತು. ಹೊರಟಿದ್ದರೆ ಸರಿಯಾಗಿ ಅದರ ಕೆಳಗೇ ಇರುತ್ತಿದ್ದೆವು. ಮತ್ತೆ ಇನ್ನೊಂದು. ಆಮೇಲೆ ನೀರು ಹಿಂದಕ್ಕೆ ಹೀರಿತು, ಮೇಲಿನಿಂದ, ಬಂಡೆಯ ಎಲುಬಿನೊಳಗಿನಿಂದ ಬಂದ ಹಾಗೆ, ಎರಡು ಪೆಟ್ಟು ಬಿತ್ತು. ಕೇಳಿದ ಮೇಲೆ ಎರಡಕ್ಕೂ ಇರುವ ವ್ಯತ್ಯಾಸ ನನಗೂ ಗೊತ್ತಾಯಿತು.

ಹಗ್ಗವನ್ನು ಜೋರಾಗಿ ಜಗ್ಗಿದೆ. ಹೊರಗಿನವರು ಎಳೆದರು, ನಾನು ಒಳಗಿನಿಂದ ತಳ್ಳಿದೆ. ಚಾವಣಿ ನನ್ನ ಹಣೆಯ ಚರ್ಮ ತೆಗೆದುಕೊಂಡಿತು. ಬೆಳಕಿಗೆ ಬಂದಾಗ ಮೇಡಂ ಸೊಂಟದವರೆಗೆ ನೀರಿಗಿಳಿದು ಶೇಷಣ್ಣನ ತಲೆಯನ್ನು ಹಿಡಿದುಕೊಂಡಿದ್ದರು. ಗುಲಾಬಕ್ಕ ಇನ್ನೂ ನೆತ್ತಿಯಲ್ಲೇ ಇದ್ದಳು. ನಾವೆಲ್ಲ ಬಂಡೆ ಹತ್ತುವವರೆಗೆ ಕಲ್ಲು ಕೆಳಗಿಡಲಿಲ್ಲ, ಕಡಲಿನಿಂದ ಕಣ್ಣೂ ತೆಗೆಯಲಿಲ್ಲ. ಆಮೇಲೆ ಕೆಳಗಿಳಿದು ಬಂದು ಗಂಡನ ಕಾಲಬಳಿ ಕುಳಿತು ಅತ್ತಳು.

ಕುಂದಾಪುರದ ಆಸ್ಪತ್ರೆಯಲ್ಲಿ ಕೈ ಉಳಿಯಿತು, ಕೈಯ ಶಕ್ತಿ ಉಳಿಯಲಿಲ್ಲ. ಬೆರಳು ಮಡಚುತ್ತದೆ, ಹುಟ್ಟು ಹಿಡಿಯಲು ಆಗುವುದಿಲ್ಲ ಎಂದರು ಡಾಕ್ಟರು. ಮೂರನೆಯ ದಿನ ಅವನ ಪಕ್ಕ ಕುಳಿತು, ಬಾಯಿಯಲ್ಲಿ ಹೊಸ ನೊರೆ ಕಾಣಲಿಲ್ಲವೇ, ಹೋಗುವ ಮೊದಲು ಯಾಕೆ ಎಣಿಸಲಿಲ್ಲ ಎಂದು ಕೇಳಿದೆ. ಎಷ್ಟೋ ಹೊತ್ತು ತಡೆದುಕೊಂಡಿದ್ದ ಪ್ರಶ್ನೆ ಅದು.

"ಎಣ್ಸುದೆಂತಕೆ ಶೆಟ್ರೆ? ಬೇರೆ ಯಾರಾರ್ ಗೆರಿ ಹಾಕಿದ್ರೆ ಎಣ್ಸ್ತಿದ್ದೆ. ನೀವ್ ಹಾಕಿದ್ದಲ್ದಾ."

ಅದರಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಪಟ್ಟಿ ನಂಬಿದ ಸಾಹೇಬರನ್ನು ಮೂರ್ಖ ಎಂದವನು ನಾನು. ಅವರು ಕಾಗದದ ಮೇಲೆ ಬರೆದದ್ದನ್ನು ನಂಬಿದರು, ನಾನು ಕಲ್ಲಿನ ಮೇಲೆ ಬರೆದು ನಂಬಿಸಿದೆ. ಬಂಡೆಯ ಮೇಲೆ ಕೂರುತ್ತಿದ್ದ ಒಂದು ಜೀವವನ್ನು ಎಬ್ಬಿಸಿ ಕಳಿಸಿ ಅಲ್ಲಿ ಬಣ್ಣ ಬಳಿದಿದ್ದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಗಾದೆಯನ್ನು ಹೊಳೆಯ ನಡುವೆಯೇ ಹೇಳಿಕೊಟ್ಟ ಹಾಗಾಯಿತು. ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಕುಳಿತು ನಾನು ಅತ್ತೆ. ಸಂಜೀವ ನೋಡಿಯೂ ನೋಡದವನಂತೆ ಜೀಪು ಒರೆಸುತ್ತಿದ್ದ.

ಮರು ಅಳತೆ ಮಾಡದೆ ಬಿಟ್ಟದ್ದನ್ನು, ಗೆರೆಯಿಂದ ಆದದ್ದನ್ನು ಒಂದು ಪ್ಯಾರಾ ಬರೆದು ವರದಿಗೆ ಸೇರಿಸಿದೆ. ಮೇಡಂ ತಮ್ಮ ಹೆಸರನ್ನೂ ಅದರ ಕೆಳಗೆ ಹಾಕಿ ಕಳಿಸಿದರು. ವರದಿ ಅಚ್ಚಾಗಿ ಬಂದಾಗ ಆ ಪ್ಯಾರಾ ಇರಲಿಲ್ಲ. ಕೇಳಿದ್ದಕ್ಕೆ, ತಾಂತ್ರಿಕ ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂಬ ಉತ್ತರ ಬಂತು. ಹೊಸ ಮಕ್ಕಳ ಫೋನಿನಲ್ಲಿರುವುದು ಆ ವರದಿಯ ನಕ್ಷೆಯೇ.

ಗೆರೆಯನ್ನು ಅಳಿಸುವ ಕೆಲಸ ಬಾಕಿ ಇತ್ತು. ಇಳಿತದ ಹೊತ್ತಿಗೆ ಉಳಿ, ಸುತ್ತಿಗೆ ಹಿಡಿದು ಕಯಾಕಿನಲ್ಲಿ ಹೊರಟೆ. ಶೇಷಣ್ಣ ಆಸ್ಪತ್ರೆಯಿಂದ ಬಂದು ತಿಂಗಳಾಗಿತ್ತು, ಕೈ ಕುತ್ತಿಗೆಗೆ ಕಟ್ಟಿಕೊಂಡಿದ್ದ. ಬರಬೇಡ ಎಂದರೂ ಬಂದ. ಬಂಡೆಯ ನೆತ್ತಿಗೆ ಹತ್ತಿ, ಬಲಗೈಯಲ್ಲಿ ಗುಂಡುಕಲ್ಲು ಇಟ್ಟುಕೊಂಡು ಕುಳಿತ. ನಾನು ಕೆಳಗೆ ಕೆತ್ತುತ್ತಿದ್ದೆ, ಅವನು ಮೇಲೆ ಎಣಿಸುತ್ತಿದ್ದ. ಬಿಡುವು ಬಂತೆಂದು ಕುಟ್ಟಿದಾಗಲೆಲ್ಲ ನಾನು ಬಾಯಿಗೆ ಹೋಗುತ್ತಿದ್ದೆ, ದೊಡ್ಡ ತೆರೆ ಬರುವ ಮೊದಲು ಕೆಲಸ ಬಿಟ್ಟು ಹೊರಗೆ ಬರುತ್ತಿದ್ದೆ. ಮೂರು ದಿನ ಹಿಡಿಯಿತು. ಬಣ್ಣವೇನೋ ಹೋಯಿತು, ಆದರೆ ಬಣ್ಣದ ಜೊತೆಗೆ ಪಾಚಿ, ಚಿಪ್ಪಿನ ಸುಣ್ಣ ಎಲ್ಲ ಕಿತ್ತುಬಂದು, ಕೆಂಪು ಗೆರೆ ಇದ್ದಲ್ಲಿ ಬೆಳ್ಳಗಿನ ಗೆರೆ ಮೂಡಿತು. ಮೊದಲಿಗಿಂತ ಅದೇ ದೂರಕ್ಕೆ ಕಾಣುತ್ತಿತ್ತು. ನಾನು ತಲೆಗೆ ಕೈ ಹಚ್ಚಿ ಕುಳಿತೆ. ಶೇಷಣ್ಣ ಮೇಲಿನಿಂದ ಬಗ್ಗಿ ನೋಡಿ, ಅಡ್ಡಿಲ್ಲ, ಒಂದೆರಡು ಮಳೆಗಾಲ ಹೋಗಲಿ, ಪಚ್ಚಿಲೆ ಹಿಡಿಯುತ್ತದೆ ಎಂದ.

ಅಲ್ಲಿಂದ ಮುಂದೆ ನಿವೃತ್ತಿಯವರೆಗೆ, ಮೇಲೆ ಒಬ್ಬರು ಇಲ್ಲದೆ ನಾನು ಯಾವ ಮಾಟೆಗೂ ಹೋಗಲಿಲ್ಲ. ಮಕ್ಕಳೇ, ನೀವು ಕೇಳಿದ ಹೊತ್ತು ನನ್ನ ಬಳಿ ಇಲ್ಲ. ಹೋಗುವುದಾದರೆ ಆ ದಿನ ಅಲ್ಲಿ ಕುಳಿತು ಎಣಿಸಿ. ಮೇಲೆ ಕೂರಲು ಆ ಊರಿನವರನ್ನೇ ಕೇಳಿ, ಅವರಿಗೆ ಕೂಲಿ ಕೊಡಿ, ಅವರು ಬೇಡ ಎಂದ ದಿನ ವಾಪಸು ಬನ್ನಿ.

ನಿವೃತ್ತನಾದ ದಿನ ಕಚೇರಿಯಲ್ಲಿ ಶಾಲು ಹಾರ ಎಲ್ಲ ಆಯಿತು. ಮರುದಿನ ಬೆಳಿಗ್ಗೆ ಗುಲಾಬಕ್ಕ ಮೊದಲ ಬಸ್ಸಿಗೆ ಬೈಂದೂರಿನಿಂದ ಕುಂಭಾಶಿಗೆ ಬಂದಳು. ಕೈಯಲ್ಲಿ ನೀರು ಸೋರುತ್ತಿದ್ದ ಒಂದು ಚೀಲ. ತುಂಬ ಪಚ್ಚಿಲೆ, ಕಡಲಿನ ವಾಸನೆ ಇನ್ನೂ ಹೋಗಿರಲಿಲ್ಲ. ಯಾರು ಕಿತ್ತದ್ದು ಎಂದು ಕೇಳಿದೆ. ಆಗ ಅವಳು ಹೇಳಿದಳು. ಎರಡು ವರ್ಷದಿಂದ ಒಳಗೆ ಹೋಗುವವಳು ಅವಳೇ, ಬಂಡೆಯ ಮೇಲೆ ಕುಳಿತು ಕುಟ್ಟುವವನು ಶೇಷಣ್ಣ.

"ಇದ್ ನಿಮ್ಮ ಗೆರಿ ಮೇಲಿಂದೇ ಕಿತ್ತದ್ದ್," ಎಂದಳು. "ಗೆರಿ ಪೂರಾ ಮುಚ್ಚಿ ಹೋಯ್ತ್, ಇನ್ನ್ ಕಾಂತಿಲ್ಲೆ, ಶೆಟ್ರಿಗೆ ಹೇಳ್ ಅಂದ್ರ್."

ಹೆಂಡತಿ ಮಧ್ಯಾಹ್ನ ಅದರದ್ದೇ ಸುಕ್ಕ ಮಾಡಿದಳು. ಮೊದಲ ತುತ್ತು ಬಾಯಿಗಿಟ್ಟೆ. ಗುಲಾಬಕ್ಕ ಎದುರು ಕುಳಿತು ನೋಡುತ್ತಿದ್ದಳು. ಆಮೇಲೆ ಎರಡು ಸಲ ಬಡಿಸಿಕೊಂಡು ಉಂಡೆ.